ವಾಲಪ್ಪನ ಆಟ ಹೇಳಿದ ಮೈಲಾರಪ್ಪ

ಮೈಲಾರಪ್ಪನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಅಲುಗಾಡುತ್ತಲೇ ಇರುತ್ತಿತ್ತು. ರೊಟ್ಟಿ ಮುರಿದ ಕೈ ಬಾಯಿಗೆ ಹೋಗುವ ಮೊದಲು ಯಾವುದೋ ಮಾತನ್ನು ಗಾಳಿಯಲ್ಲಿ ತಿದ್ದಿ ಬರುತ್ತಿತ್ತು. ಹೆಂಡತಿ ರೇಣವ್ವ ಅದಕ್ಕೆ ಒಗ್ಗಿಹೋಗಿದ್ದಳು. ಆದರೆ ಸಾವಿರದೊಂಬೈನೂರ ಮೂವತ್ತೆರಡರ ಚಳಿಗಾಲದಲ್ಲಿ ಅವನ ಚಡಪಡಿಕೆ ಅವಳಿಗೂ ಅಂಜಿಕೆ ಹುಟ್ಟಿಸುವಷ್ಟು ಬೆಳೆದಿತ್ತು.

ಹುಬ್ಬಳ್ಳಿಯಲ್ಲಿ ಕೇಶ್ವಾಪುರದ ಕಡೆಯ ಬಯಲಲ್ಲಿ ಕುಬೇರಪ್ಪ ಸಾವಕಾರರ ಸಿನೇಮಾ ತಂಬು ಇತ್ತು. ಅಲ್ಲಿ ತೋರಿಸುವ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಮೇಲೆ ನಡುನಡುವೆ ಇಂಗ್ಲಿಷ್ ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು. ಅವನ್ನು ಓದಬಲ್ಲವರು ಆ ತಂಬಿಗೆ ಬರುತ್ತಿರಲಿಲ್ಲ. ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು, ಇವಳು ಯಾಕೆ ಅತ್ತಳು, ಅವನು ಯಾಕೆ ಕುದುರೆ ಏರಿದ ಎಂದು ಕೂಗಿ ಹೇಳುವುದು ಮೈಲಾರಪ್ಪನ ಕೆಲಸ. ಮಂದಿ ಅವನನ್ನು ಚಿತ್ರ ಹೇಳಾಂವ ಎಂದೇ ಕರೆಯುತ್ತಿದ್ದರು. ತನ್ನೂರು ಮುಗದದಲ್ಲಿದ್ದಾಗ ಅವನು ದೊಡ್ಡಾಟದ ಸಾರಥಿ. ರಂಗಕ್ಕೆ ಬಂದ ಪ್ರತಿಯೊಬ್ಬ ರಾಜನನ್ನೂ ತಡೆದು ನೀನಾರು, ಎಲ್ಲಿಂದ ಬಂದೆ ಎಂದು ಕೇಳುವವನು. ಹೊಲದ ಕೆಲಸ ಅವನಿಗೆ ಹಿಡಿಸಲಿಲ್ಲ. ಅರಳೆ ಗಿರಣಿಗೆಂದು ಹುಬ್ಬಳ್ಳಿಗೆ ಬಂದವನು, ಒಂದು ಸಂಜೆ ತಂಬಿನಲ್ಲಿ ಕೂತು ಪಕ್ಕದವರಿಗೆ ಚಿತ್ರ ಹೇಳತೊಡಗಿದ. ಅಂದಿನ ಚಿತ್ರ ಹೇಳಾಂವನನ್ನು ಬಿಟ್ಟು ಜನ ಇವನ ಕಡೆ ತಿರುಗಿ ಕೂತರು. ಮರುದಿನದಿಂದ ಬೆತ್ತ ಇವನ ಕೈಗೆ ಬಂತು. ರೇಣವ್ವ ತಂಬಿನ ಬಾಗಿಲಲ್ಲಿ ಚುರುಮುರಿ, ಮಿರ್ಚಿ ಮಾರತೊಡಗಿದಳು.

ಈಗ ಮುಂಬೈಯಿಂದ ಮಾತಾಡುವ ಚಿತ್ರಗಳ ಯಂತ್ರದ ಏಜೆಂಟ ಬಂದು ಹೋಗಿದ್ದ. ಕುಬೇರಪ್ಪ ಮುಚ್ಚಿಟ್ಟು ಮಾತಾಡುವವರಲ್ಲ. ಈ ವಾರದ ಚಿತ್ರಕ್ಕೆ ಮಂದಿ ಗಟ್ಟಿ ಕೂತರೆ ಯಂತ್ರದ ಮಾತು ಮುಂದಿನ ವರ್ಷಕ್ಕೆ, ಎದ್ದು ಹೋದರೆ ಈಗಲೇ ತರಿಸುತ್ತೇನೆ ಎಂದು ಹೇಳಿಬಿಟ್ಟರು. ಯಂತ್ರ ಬಂದ ಮೇಲೆ ಬೆತ್ತ ಹಿಡಿದವನಿಗೆ ತಂಬಿನಲ್ಲಿ ಏನು ಕೆಲಸವೆಂದು ಮೈಲಾರಪ್ಪ ಕೇಳಲಿಲ್ಲ. ಗೊತ್ತಿತ್ತು.

ಬಂದ ಚಿತ್ರವೋ, ಒಬ್ಬ ಗಾಲ್ಫ್ ಆಟಗಾರನ ಜೀವನ. ತಂಬಿನಲ್ಲಿ ರೀಲು ತಿರುಗಿಸುವ ಯಜ್ಞೇಶ್ವರ ಒಂದಿಷ್ಟು ಇಂಗ್ಲಿಷ್ ಬಲ್ಲವನು. ಮಧ್ಯಾಹ್ನ ಇಬ್ಬರೇ ಕೂತು ಚಿತ್ರ ನೋಡಿದರು. ಹೊಡೆದಾಟವಿಲ್ಲ, ಕುದುರೆಯಿಲ್ಲ. ವಾಲೇಸ್ ಎಂಬ ತೆಳ್ಳನೆಯ ಮನುಷ್ಯ ಹುಲ್ಲಿನ ಮೇಲೆ ಚೆಂಡು ಹೊಡೆಯುತ್ತಾನೆ, ನಡೆಯುತ್ತಾನೆ, ಮತ್ತೆ ಹೊಡೆಯುತ್ತಾನೆ.  ಇಡೀ ಜನ್ಮ ಆಡಿದರೂ ಈತ ಆಟಕ್ಕೆ ದುಡ್ಡು ಮುಟ್ಟಲಿಲ್ಲವಂತೆ, ಬರೀ ಪ್ರೀತಿಗೆ ಆಡಿದನಂತೆ ಎಂದು ಯಜ್ಞೇಶ್ವರ ಓದಿ ಹೇಳಿದ. ಸಂಜೆ ಮೈಲಾರಪ್ಪ ಅದನ್ನು ರೇಣವ್ವನಿಗೆ ಹೇಳಿದಾಗ ಅವಳು ಒಗ್ಗರಣೆಯ ಚುರುಮುರಿ ಕಲಸುತ್ತ ಕೇಳಿದಳು.

“ಅಲ್ರಿ, ಹಂಗಾರ ಆತನ ಹೇಣ್ತಿ ಎಲ್ಲಿ ಮಿರ್ಚಿ ಮಾರ್ತಿದ್ಲು?”

ಅವನು ನಗಲಿಲ್ಲ. ತಂಬಿನ ಸುತ್ತ ಸುತ್ತುತ್ತಿದ್ದ. ಗಾಲ್ಫ್ ಎಂದರೆ ಈ ಮಂದಿಗೆ ಏನೆಂದು ಹೇಳುವುದು? ಮೂರನೆಯ ಸುತ್ತಿಗೆ ಹೊಳೆಯಿತು. ಇದು ಚಿಣಿಪಣಿ, ಅದೇ ಚಿನ್ನಿದಾಂಡು. ದಾಂಡು ಉದ್ದ, ಚಿಣಿಯ ಬದಲು ಚೆಂಡು, ಅಷ್ಟೇ. ಚಿಣಿಪಣಿ ಆಡದ ಗಂಡಸು ಧಾರವಾಡ ಜಿಲ್ಲೆಯಲ್ಲೇ ಇರಲಿಲ್ಲ.

ಚಿತ್ರ ಶುರುವಾಯಿತು. ವಾಲೇಸ್ ಎಂಬ ಹೆಸರು ಮೈಲಾರಪ್ಪನ ಬಾಯಲ್ಲಿ ವಾಲಪ್ಪ ಆಯಿತು. ವಾಲಪ್ಪನ ಅವ್ವ ಅವನನ್ನು ಹೊಲದ ಬದುವಿನ ಮೇಲೆ ಹಡೆದಳು, ಹುಟ್ಟಿದ ಕೂಸು ಬದುವಿನ ಕಟ್ಟಿಗೆಯನ್ನೇ ಹಿಡಿದು ಎದ್ದಿತು ಎಂದು ಶುರು ಮಾಡಿದ. ಮಂದಿ ಮುಂದಕ್ಕೆ ಸರಿದು ಕೂತರು. ಮೊದಲ ಪಂದ್ಯ ಬಂದಾಗ, ಏಟು ಎಣಿಸ್ರಿ, ಹೆಚ್ಚು ಹೊಡೆದವನೇ ಗೆದ್ದಂಗ ಎಂದು ಕೂಗಿದ. ಚಿಣಿಪಣಿಯಲ್ಲಿ ಎಣಿಕೆ ಹೆಚ್ಚಾದವನೇ ಗೆಲ್ಲುವುದು. ಬೇರೆ ಥರ ಇರಬಹುದೆಂದು ಅವನಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಇಡೀ ತಂಬು ಒಂದೇ ದನಿಯಲ್ಲಿ ಎಣಿಸತೊಡಗಿತು.

ಆ ಪಂದ್ಯದ ಕೊನೆಗೆ ವಾಲಪ್ಪ ಒಂದು ಗಿಡದ ಮರೆಯಲ್ಲಿ ಚೆಂಡಿನ ಮೇಲೆ ಬಾಗಿದ. ಸುತ್ತ ಯಾರೂ ಇರಲಿಲ್ಲ. ದಾಂಡು ತಾಗಿ ಚೆಂಡು ಕೂದಲೆಳೆಯಷ್ಟು ಅಲುಗಿತು. ಅವನು ಎದ್ದು ಬಂದು, ಲೆಕ್ಕ ಬರೆಯುವವರ ಮುಂದೆ ಒಂದು ಬೆರಳು ಎತ್ತಿದ. ಒಂದೇಟು ಹೆಚ್ಚು ಬರಕೊಳ್ಳಿರಿ ಅನ್ನುತ್ತಿದ್ದಾನೆಂದು ಯಜ್ಞೇಶ್ವರ ಮಧ್ಯಾಹ್ನವೇ ಓದಿ ಹೇಳಿದ್ದ. ಮೈಲಾರಪ್ಪನಿಗೆ ಇಂಥದ್ದೇ ಬೇಕಾಗಿತ್ತು.

“ನೋಡ್ರೆಪಾ ಕಳ್ಳನ್ನ! ಯಾರೂ ಇಲ್ಲದಾಗ ಚೆಂಡ ಮುಟ್ಟಿ, ಒಂದೇಟು ಹೆಚ್ಚಿಗಿ ಬರಸಾಕತ್ತಾನ.”

ತಂಬು ಹೋ ಎಂದಿತು. ಗೆದ್ದವನಿಗೆ ಕೊಡುವ ಬೆಳ್ಳಿ ಬಟ್ಟಲು ಎದುರಾಳಿಯ ಪಾಲಾದಾಗ, ದೈವದ ಹಿರಿಯರು ಕಳ್ಳಾಟ ಹಿಡಿದರು ಎಂದ. ಶಿಳ್ಳೆ ಬಿದ್ದವು. ಅಲ್ಲಿಂದ ಮುಂದೆ ಮಂದಿ ವಾಲಪ್ಪನನ್ನು ಬೈಯಲಿಕ್ಕೆಂದೇ ನೋಡಿದರು, ಅಷ್ಟೇ ಅಕ್ಕರೆಯಿಂದ. ಹಿಂದೆ ಕಂಬಕ್ಕೊರಗಿ ನಿಂತಿದ್ದ ಕುಬೇರಪ್ಪನವರ ಮುಖ ಅರಳಿದ್ದು ಮೈಲಾರಪ್ಪನಿಗೆ ಅರೆಬೆಳಕಿನಲ್ಲೂ ಕಂಡಿತು. ಉಳಿದುಕೊಂಡೆ ಅಂದುಕೊಂಡ.

ಕೊನೆಯ ಪಂದ್ಯ. ಎದುರಾಳಿ ಮರಳಿನ ಗುಂಡಿಯಲ್ಲಿ ಸಿಕ್ಕಿ ಹೊಡೆದೇ ಹೊಡೆದ. ಮಂದಿ ಎಣಿಸಿಯೇ ಎಣಿಸಿದರು. ವಾಲಪ್ಪ ಸೋತನೆಂದು ಎಲ್ಲರೂ ಕುಣಿಯುತ್ತಿರುವಾಗ, ಪರದೆಯ ಮೇಲೆ ಸಾವಿರಾರು ಜನ ಓಡಿಬಂದು ವಾಲಪ್ಪನನ್ನೇ ಹೆಗಲ ಮೇಲೆ ಹೊತ್ತರು. ಮಧ್ಯಾಹ್ನ ಏಟು ಎಣಿಸದೆ ನೋಡಿದ್ದ ಮೈಲಾರಪ್ಪನಿಗೆ ಇದರಲ್ಲಿ ಎಡವಟ್ಟು ಕಂಡಿರಲಿಲ್ಲ. ಈಗ ಇಡೀ ತಂಬಿಗೇ ಕಂಡಿತು. ಕಡಿಮೆ ಹೊಡೆದವನನ್ನು ಯಾಕೆ ಹೊತ್ತರು? ಮೋಸ, ಮೋಸ ಎಂದು ಮುಂದಿನ ಸಾಲಿನವರು ಎದ್ದು ನಿಂತರು. ಯಾರೋ ಪರದೆಗೆ ಶೇಂಗಾ ಸಿಪ್ಪೆ ಎಸೆದರು.

ಮೈಲಾರಪ್ಪ ಮಂದಿಗೆ ಬೆನ್ನು ಮಾಡಿದ. ಪರದೆಯ ಮೇಲಿನ ಮುಖಗಳನ್ನು ನೋಡಿದ. ಅಲ್ಲಿ ಒಬ್ಬನ ಮುಖದಲ್ಲೂ ಮೋಸವಿರಲಿಲ್ಲ. ಸೋತವನು ಕೂಡ ಟೊಪ್ಪಿಗೆ ತೆಗೆದು ವಾಲಪ್ಪನ ಕೈ ಹಿಡಿದಿದ್ದ. ಆಗ ಅವನಿಗೆ ತಿಳಿಯಿತು.

“ಕೂಡ್ರಿರೆಪಾ,” ಎಂದ. “ಈ ಆಟದಾಗ ಕಡಿಮಿ ಹೊಡದಾಂವನ ಗೆದ್ದಂಗ. ನಾ ತಪ್ಪ ತಿಳದಿದ್ದೆ.”

ಗದ್ದಲ ತುಸು ಇಳಿಯಿತು. ನಡುವಿನ ಸಾಲಿನಲ್ಲಿ ಕೂತಿದ್ದ ಅರಳೆ ಪೇಟೆಯ ಹಮಾಲ ಗಂಗಪ್ಪ ಲೆಕ್ಕ ಹಾಕುವವನಂತೆ ಬೆರಳು ಎತ್ತಿ, ನಿಧಾನವಾಗಿ ಕೇಳಿದ.

“ಹಂಗಾರ ಚಿತ್ರ ಹೇಳಾಂವ, ಗಿಡದ ಮರಿಗೆ ಒಂದೇಟು ಹೆಚ್ಚಿಗಿ ಬರಸಿದ್ನಲ್ಲ, ಅದನ್ನ ತನ್ನ ಮ್ಯಾಲೇ ಹಾಕ್ಕೊಂಡ್ನೇನು? ಯಾರೂ ನೋಡಿರಲಿಲ್ಲಲ್ಲೋ.”

ಮೈಲಾರಪ್ಪ ಬೆತ್ತ ಇಳಿಸಿ ಪರದೆಯ ಕಡೆ ತಿರುಗಿದ.  ಪರದೆಯ ಮೇಲೆ ವಾಲಪ್ಪ ಒಬ್ಬನೇ ಒಂದು ಕೋಣೆಯಲ್ಲಿ ನಿಂತು ದಾಂಡುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಇಡುತ್ತಿದ್ದ. ಗೆದ್ದ ಮೇಲೆ ಆಟ ಬಿಟ್ಟನಂತೆ. ತಂಬಿನಲ್ಲಿ ರೀಲು ಕಟಕಟ ತಿರುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಹೊತ್ತು ಕಳ್ಳನೆಂದು ಬೈದಿದ್ದ ಮಂದಿ ಅವನು ಚೀಲ ಕಟ್ಟುವುದನ್ನು ಕಡೆತನಕ ಕೂತು ನೋಡಿದರು. ಹೊರಗೆ ಬಂದವರಲ್ಲಿ ಒಬ್ಬರೂ ರೇಣವ್ವನೊಡನೆ ಚೌಕಾಶಿಗೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮೈಲಾರಪ್ಪ ಕರೆಯುವ ಮೊದಲೇ ಸಾವಕಾರರ ಮುಂದೆ ಹೋಗಿ ನಿಂತ. ನಿಂತ ಎನ್ನುವುದಕ್ಕಿಂತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಿದ್ದ. ಕುಬೇರಪ್ಪ ಅವನಿಗೆ ಚಹಾ ತರಿಸಿದರು. ಅದನ್ನು ಕಂಡೇ ಅವನಿಗೆ ಸಂಶಯ ಬಂತು.

“ನಿನ್ನಿ ಭಾಳ ಛಲೋ ಆತು, ಮೈಲಾರಪ್ಪಾ. ಆದ್ರ ಒಂದ ಕಂಡೆ. ನೀ ಬಾಯಿ ಮುಚ್ಚಿದ ಮ್ಯಾಲೂ ಒಬ್ಬರೂ ಎದ್ದು ಹೋಗಲಿಲ್ಲ.”

“ಅವರು ಸುಮ್ಮ ಕುಂತದ್ದು ನಾ ಮದಲ ಹೇಳಿದ್ದಕ್ಕರಿ, ಸಾವಕಾರ್ರ.”

ಕುಬೇರಪ್ಪ ಚಹಾದ ಬಸಿಯ ಅಂಚನ್ನು ಒರೆಸಿದರು.

“ಇರಬಹುದು,” ಎಂದರು. “ಖರೇನ ಇರಬಹುದು. ಯಂತ್ರ ಕಳಸಂತ ನಾ ಏಜೆಂಟಗ ತಾರ ಕೊಟ್ಟೇನಿ.”

ಅಂದಿನ ಆಟವೂ ಅವನೇ ಹೇಳಬೇಕಿತ್ತು. ದಿನವಿಡೀ ನಡೆದ. ರೈಲ್ವೆ ಸಾಹೇಬರು ಚೆಂಡು ಹೊಡೆಯುವ ಬಯಲಿನ ತನಕ ಹೋಗಿ, ಬೇಲಿಯ ಆಚೆ ನಿಂತು, ಏನೂ ನೋಡದೆ ಮರಳಿದ. ಮೊದಲೇ ಸರಿಯಾಗಿ ಹೇಳಿಬಿಡಬೇಕೆಂದು ಒಂದು ಮನಸ್ಸು. ಯಾರೂ ಕಾಣದ ಜಾಗದಲ್ಲಿ ಸುಳ್ಳಾಡದ ಮನುಷ್ಯನನ್ನು ಗೊತ್ತಿದ್ದೂ ಗೊತ್ತಿದ್ದೂ ಕಳ್ಳನೆನ್ನುವುದು ಹೇಗೆ? ಆದರೆ ಮೊದಲೇ ಒಳ್ಳೆಯವನೆಂದರೆ, ಗಂಗಪ್ಪನ ಬೆರಳು ಗಾಳಿಯಲ್ಲಿ ನಿಲ್ಲುವುದಿಲ್ಲ, ಕಳ್ಳನೆಂದವರೇ ಅವನನ್ನು ದೊಡ್ಡವನೆಂದು ಕಾಣುವ ಗಳಿಗೆ ಬರುವುದಿಲ್ಲ.

ಸಂಜೆ ಬೆತ್ತ ಎತ್ತಿದಾಗಲೂ ಅವನು ತೀರ್ಮಾನಿಸಿರಲಿಲ್ಲ. ಗಿಡದ ಮರೆಯ ದೃಶ್ಯ ಬಂತು. ಬೆತ್ತವನ್ನು ಗಿಡದ ಕಡೆ ಚಾಚಿದ. ಆಮೇಲೆ, ನೋಡ್ರೆಪಾ ಕಳ್ಳನ್ನ ಎಂದು ಹಿಂದಿನ ದಿನಕ್ಕಿಂತ ಜೋರಾಗಿ ಕೂಗಿದ. ಅವನ ಕಣ್ಣು ತುಂಬಿದ್ದು ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಕೊನೆಗೆ ಮಂದಿ ಎದ್ದು ಕೂಗಾಡಿದಾಗ ಕಡಿಮಿ ಹೊಡದಾಂವನ ಗೆದ್ದಂಗ ಎಂದು ಹೇಳಿ, ಬೆತ್ತ ಕೆಳಗಿಟ್ಟ. ಈ ಸಲ ಪ್ರಶ್ನೆ ಕೇಳಲು ಗಂಗಪ್ಪ ಇರಲಿಲ್ಲ. ತಂಬು ತಾನೇ ಲೆಕ್ಕ ಹಾಕಿ, ಸಾಲು ಸಾಲಾಗಿ ಸುಮ್ಮನಾಯಿತು. ಒಳಗಿನ ದನಿ ನಿಂತದ್ದು ಕೇಳಿ ರೇಣವ್ವ ಎಣ್ಣೆಯ ಬಾಣಲಿ ಇಳಿಸಿ, ತಂಬಿನ ಬಟ್ಟೆ ಎತ್ತಿ ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಗಂಡ ಅಲುಗದೆ ನಿಂತಿದ್ದ.

ಮಾತಾಡುವ ಯಂತ್ರ ಬಂದ ದಿನ ಅದನ್ನು ನೋಡಲು ಹುಬ್ಬಳ್ಳಿ ನುಗ್ಗಿತು. ಮೈಲಾರಪ್ಪ ನೋಡಲಿಲ್ಲ. ಬೆಳಗಿನ ಗಾಡಿಗೆ ಗದಗಿನ ಕಡೆ ಹೊರಟಿದ್ದ. ದಾರಿಯುದ್ದಕ್ಕೂ ಬಾಗಿಲಲ್ಲೇ ನಿಂತಿದ್ದ; ರೇಣವ್ವ ಬಾಣಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬಂದಳು. ಗದಗಿನಲ್ಲಿ ಗಾಡಿ ಪೂರಾ ನಿಲ್ಲುವ ಮೊದಲೇ ಇಳಿದು, ಎದುರಿಗೆ ಬಂದ ಹಮಾಲನನ್ನು ತಡೆದು ಕೇಳಿದ.

“ಯಣ್ಣಾ, ನಿಮ್ಮೂರ ತಂಬಿನ್ಯಾಗ ಚಿತ್ರ ಮಾತಾಡ್ತಾವೇನು?”

“ಇನ್ನೂ ಇಲ್ಲಪಾ. ಮುಂದಿನ ತಿಂಗಳಂತ.”

ಮೈಲಾರಪ್ಪ ತಿರುಗಿ ರೇಣವ್ವನಿಗೆ ಲಗೂ ಇಳಿ ಎಂದು ಕೈ ಮಾಡಿದ.