ಜೈಲಿನಲ್ಲಿ ಪುರಾಣ ಹೇಳುತ್ತಿದ್ದ ಮಾವನವರು

ನಮ್ಮ ಮಾವನವರು ಯಾವ ಮಾತನ್ನಾಡುವ ಮೊದಲೂ ಅವರ ಕೆಳತುಟಿ ಒಮ್ಮೆ ಅಲುಗುತ್ತಿತ್ತು. ದಪ್ಪನೆಯ, ಎಲೆಯಡಿಕೆಯಿಂದ ಅಂಚು ಕಪ್ಪಾದ ತುಟಿ. ಹೊರಗೆ ಬರಬೇಕಾದ ಮಾತನ್ನು ಅದು ಮೊದಲು ಸದ್ದಿಲ್ಲದೆ ಆಡಿ ನೋಡುತ್ತಿತ್ತು, ಆಮೇಲೆ ದನಿ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಉಗ್ಗು ಇದೆಯೆಂದುಕೊಂಡಿದ್ದೆ. ನನ್ನ ಗಂಡ ನಕ್ಕು, “ಉಗ್ಗಲ್ಲ ಮಾರಾಯ್ತಿ, ಪುರಾಣ ಹೇಳೀ ಹೇಳೀ ಹಾಗಾಗಿದೆ. ತಪ್ಪು ಮಾತು ಬಂದುಬಿಟ್ರೆ ಅನ್ನೋ ಹೆದರಿಕೆ” ಎಂದಿದ್ದರು.

ಮನೆ ಶಿವಮೊಗ್ಗದಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿತ್ತು. ಸಂಜೆ ಹೊತ್ತು ಮಾವನವರು ಹತ್ತಿರದ ಮಠದ ಜಗಲಿಯಲ್ಲಿ ಪುರಾಣ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಜೈಲಿಗೆ ಹೋಗುತ್ತಿದ್ದರು. ಕೈದಿಗಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಯಾರೋ ಹಿಂದಿನ ಅಧಿಕಾರಿ ಕೇಳಿಕೊಂಡದ್ದು, ಅಧಿಕಾರಿ ಬದಲಾದರೂ ಇವರು ಹೋಗುವುದನ್ನು ಬಿಟ್ಟಿರಲಿಲ್ಲ. ಒಗೆದ ಪಂಚೆ, ಹೆಗಲ ಮೇಲೊಂದು ಶಲ್ಯ, ಹಣೆತುಂಬ ವಿಭೂತಿ. ಜೈಲಿನ ಬಾಗಿಲಲ್ಲಿ ಎಲೆಯಡಿಕೆಯ ಚೀಲವನ್ನು ಕಾವಲಿನವನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರಂತೆ. ಒಳಗಿದ್ದವರಿಗೆ ಸಿಗದ್ದನ್ನು ಅವರ ಎದುರು ಕೂತು ಜಗಿಯಬಾರದು ಎಂದು.

ಅವರಿಗೆ ಇಷ್ಟವಾದ ಕತೆಗಳೆಲ್ಲ ರಾಕ್ಷಸರವು. ರಾಕ್ಷಸ ತಪಸ್ಸು ಮಾಡುತ್ತಾನೆ, ಶಿವ ಒಲಿದು ವರ ಕೊಡುತ್ತಾನೆ, ವರ ಪಡೆದವನು ಲೋಕವನ್ನೇ ಸುಡುತ್ತಾನೆ. ಒಂದು ಸಲ ಊಟಕ್ಕೆ ಬಡಿಸುತ್ತಾ ನಾನು ಕೇಳಿಬಿಟ್ಟೆ. “ಮಾವ, ವರ ಕೊಡೋವಾಗ ಶಿವನಿಗೆ ಗೊತ್ತಿರಲಿಲ್ವಾ, ಇವನು ಹೀಗೆ ಮಾಡ್ತಾನೆ ಅಂತ?”

ಅತ್ತೆ ಸೌಟಿನಿಂದಲೇ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ಮಾವನವರಿಗೆ ಮಾತ್ರ ಸಂತೋಷವಾಯಿತು. ತುಟಿ ಅಲುಗಿತು. “ಗೊತ್ತಿತ್ತು ತಾಯಿ. ಕೆಟ್ಟದ್ದೂ ಅವನದೇ, ಒಳ್ಳೇದೂ ಅವನದೇ. ಆಟ ಆಡೋನಿಗೆ ಎರಡೂ ಕಾಯಿ ಬೇಕಲ್ಲ” ಎಂದರು. ಆ ಉತ್ತರ ನನಗೂ ಚೆನ್ನಾಗಿ ಕಂಡಿತು. ಇನ್ನೊಂದು ತುತ್ತು ಅನ್ನ ಹಾಕಿ ಒಳಗೆ ಹೋದೆ.

ಕಬ್ಬಿಣದ ಕಾರ್ಖಾನೆ ಬಂದಮೇಲೆ ಬೆಂಕಿಪುರವನ್ನು ಭದ್ರಾವತಿ ಎಂದು ಕರೆಯಲು ಜನ ಆಗಷ್ಟೇ ಕಲಿಯುತ್ತಿದ್ದ ಕಾಲ ಅದು. ನನ್ನ ಗಂಡನಿಗೆ ಅಲ್ಲಿ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಸಾಲುಮನೆಗಳಲ್ಲಿ ಒಂದು ಮನೆ ಕೊಟ್ಟರು. ನಾವು ಹೋದ ದಿನ ಪಕ್ಕದ ಮನೆಯವನು ತಾನಾಗಿ ಬಂದು ನಮ್ಮ ಟ್ರಂಕನ್ನು ತಲೆಯ ಮೇಲೆ ಹೊತ್ತು ಒಳಗಿಟ್ಟ. ಫರ್ನೇಸ್ ಕಡೆ ಕೆಲಸ ಮಾಡುತ್ತಿದ್ದವನು. ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದ. ಹಲಸಿನ ಕಾಲದಲ್ಲಿ ಹಣ್ಣು ಬಿಡಿಸಿ ತೊಳೆಗಳನ್ನು ಬಾಳೆಲೆಯಲ್ಲಿ ತಂದುಕೊಡುತ್ತಿದ್ದ. ಮಾವನವರು ರೈಲಿನಲ್ಲಿ ನಮ್ಮನ್ನು ನೋಡಲು ಬಂದಾಗಲೆಲ್ಲ ಅವನು ಕೈಕಾಲು ತೊಳೆದು ಬಂದು ಹೊಸ್ತಿಲ ಪಕ್ಕ ಕುಳಿತು ಕತೆ ಕೇಳುತ್ತಿದ್ದ. “ಅಯ್ನೋರೇ, ಆಮೇಲೆ?” ಎನ್ನುತ್ತಿದ್ದ. ಅವನಷ್ಟು ಶ್ರದ್ಧೆಯಿಂದ ಕೇಳುವವರು ಶಿವಮೊಗ್ಗದ ಮಠದಲ್ಲೂ ಇಲ್ಲವೆಂದು ಮಾವನವರು ಹೇಳುತ್ತಿದ್ದರು.

ಅವನು ಹೆಂಡತಿಯನ್ನು ಹೊಡೆಯುತ್ತಿದ್ದ. ನಡುವಿನ ಗೋಡೆ ತೆಳು. ಅವಳು ಕೂಗುತ್ತಿರಲಿಲ್ಲ, ಪಾತ್ರೆ ಬೀಳುವುದು ಕೇಳುತ್ತಿತ್ತು. ನನ್ನ ಗಂಡ ಒಂದೆರಡು ಸಲ ಅವನನ್ನು ಕೂರಿಸಿಕೊಂಡು ಹೇಳಿದರು. ಆಗೆಲ್ಲ ಅವನು ತಲೆತಗ್ಗಿಸಿ “ಇನ್ನಿಲ್ಲ ಅಣ್ಣ” ಎನ್ನುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಊಟವಾಗಿತ್ತು. ಬಾಗಿಲು ಬಡಿದ ಸದ್ದಾಯಿತು. ತೆಗೆದೆ. ಅವನ ಹೆಂಡತಿ ನಿಂತಿದ್ದಳು, ಕಿವಿಯಿಂದ ರಕ್ತ ಸೋರುತ್ತಿತ್ತು. ಒಳಗೆ ಎಳೆದುಕೊಂಡೆ. ಹಿಂದೆಯೇ ಅವನು ಬಂದ. ನನ್ನ ಗಂಡ ಎದ್ದು ಬಾಗಿಲಿಗೆ ಅಡ್ಡ ನಿಂತು, “ನಾಳೆ ಮಾತಾಡೋಣ, ಈಗ ಹೋಗು” ಎಂದರು. ಅವನು ಹೋದ. ಹೋಗಿ ಸಲಾಕೆ ತೆಗೆದುಕೊಂಡು ಬಂದ.

ಅವನು ಕುಡಿದಿದ್ದ ಎಂದು ಆಮೇಲೆ ಎಲ್ಲರೂ ಹೇಳಿದರು. ಕುಡಿದಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಮೈಮೇಲೆ ಏನೋ ಬಂದಿತ್ತು ಎಂದೂ ಹೇಳಿದರು. ಅದೂ ಇಲ್ಲ. ಟ್ರಂಕು ಹೊತ್ತು ತಂದ ದಿನ ಇದ್ದ ಮುಖವೇ ಇತ್ತು.

ನನ್ನನ್ನು ಶಿವಮೊಗ್ಗಕ್ಕೆ ಕರೆತಂದರು. ನನ್ನ ಗಂಡನನ್ನು ಅಲ್ಲೇ ಮಣ್ಣು ಮಾಡಿದರು. ನನಗೆ ಅಳು ಬರಲಿಲ್ಲ. ಒಲೆಯ ಮೇಲಿದ್ದ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುತ್ತಿದ್ದೆ, ಬಿಸಿ ತಿಳಿಯುತ್ತಿರಲಿಲ್ಲ. ಅತ್ತೆ ನೋಡಿ ಕಸಿದುಕೊಂಡು ನನ್ನ ಬೆರಳಿಗೆ ಬೆಣ್ಣೆ ಹಚ್ಚಿದರು. ಮಾವನವರು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ತುಟಿ ಅಲುಗುತ್ತಿತ್ತು. ಮಾತು ಬರುತ್ತಿರಲಿಲ್ಲ.

ಕಾರ್ಯದ ದಿನ ನೆಂಟರೆಲ್ಲ ಸೇರಿದ್ದರು. ಬಂದವರೆಲ್ಲ ಮಾವನವರ ಕೈ ಹಿಡಿದು, ಅವರೇ ಇಷ್ಟು ವರ್ಷ ಊರಿಗೆ ಹೇಳಿದ ಮಾತನ್ನು ಅವರಿಗೆ ಹೇಳಿದರು. ಎಲ್ಲಾ ಶಿವನಾಟ. ಆಯಸ್ಸು ಅಷ್ಟೇ ಇತ್ತು. ಹೋದ ಜನ್ಮದ ಕರ್ಮ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಊಟದ ನಂತರ ಮಾವನವರ ಅಕ್ಕ ನಡುಮನೆಯಲ್ಲಿ ಕುಳಿತು, ನಾನು ಅಲ್ಲೇ ಎಲೆ ತೆಗೆಯುತ್ತಿರುವಾಗ, ಮೆತ್ತಗೆ ಹೇಳಿದರು. “ಕಾಲ್ಗುಣ ಅನ್ನೋದು ಸುಳ್ಳಲ್ಲ. ಬೇರೆಯವರ ಮನೆ ಜಗಳಕ್ಕೆ ಬಾಗಿಲು ತೆಗೆದವಳು ಯಾರು? ಇವಳು ತೆಗೀದೆ ಇದ್ದಿದ್ರೆ ಹುಡುಗ ಇರ್ತಿದ್ದ.”

ನನಗೆ ಸಿಟ್ಟು ಬರಲಿಲ್ಲ. ಹೌದಲ್ಲ ಅನ್ನಿಸಿತು. ಆ ಮಾತನ್ನು ಅಷ್ಟು ದಿನ ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ, ಈಗ ಇನ್ನೊಬ್ಬರ ಬಾಯಲ್ಲಿ ಕೇಳಿದೆ, ಅಷ್ಟೇ.

ಮಾವನವರು ಜಗಲಿಯಿಂದ ಎದ್ದು ಒಳಗೆ ಬಂದರು. ತುಟಿ ಅಲುಗಲಿಲ್ಲ. ನೇರವಾಗಿ ಮಾತು ಬಂತು.

“ಅಕ್ಕ, ಹೊಡೆದದ್ದು ಅವನು.”

“ಅದು ಗೊತ್ತಿರೋದೇ ಅಲ್ವೇನೋ. ನಾನು ಹೇಳಿದ್ದು...”

“ಹೊಡೆದದ್ದು ಅವನು. ಬಾಗಿಲು ತೆಗೆದವಳಲ್ಲ, ಅಡ್ಡ ನಿಂತವನಲ್ಲ. ಹೋದ ಜನ್ಮ ಅಲ್ಲ. ಶಿವನೂ ಅಲ್ಲ. ಒಬ್ಬ ಮನುಷ್ಯ ಮನೆಗೆ ಹೋಗಿ, ಸಲಾಕೆ ಹುಡುಕಿ, ತಗೊಂಡು ಬಂದು ಹೊಡೆದ. ಈ ಮನೇಲಿ ಇನ್ನು ಯಾರೂ ಬೇರೆ ಹೆಸರು ಹೇಳಬೇಡಿ.”

ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತರು. ಅದೇ ಸಂಜೆ ಗಾಡಿ ಹೂಡಿಸಿಕೊಂಡು ಊರಿಗೆ ಹೋದರು. ಬಹಳ ವರ್ಷ ನಮ್ಮ ಮನೆಗೆ ಬರಲಿಲ್ಲ.

ವಿಚಾರಣೆ ಮುಗಿಯುವವರೆಗೆ ಅವನನ್ನು ಇಟ್ಟಿದ್ದುದು ಶಿವಮೊಗ್ಗದ ಜೈಲಿನಲ್ಲೇ. ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಾವನವರು ಸ್ನಾನ ಮಾಡಿ, ಶಲ್ಯ ಹೊದ್ದು ಹೊರಟರು. ಅತ್ತೆ ಬಾಗಿಲಲ್ಲಿ ನಿಂತು, “ಅಲ್ಲಿಗಾ?” ಎಂದರು.

“ಅಲ್ಲಿ ಬೇರೆ ಜನಾನೂ ಇದ್ದಾರಲ್ಲ” ಎಂದು ಹೋದರು.

ಅಂದು ಏನಾಯಿತೆಂದು ಅವರು ಹೇಳಿದ್ದು ಮರುವಾರ. ಹಿತ್ತಲ ಕಟ್ಟೆಯ ಮೇಲೆ ನಾನು ಅಕ್ಕಿ ಆರಿಸುತ್ತಿದ್ದೆ. ಅವರು ಬಂದು ಕುಳಿತು, ಮೊರದ ಅಂಚಿನಿಂದ ತಾವೂ ಒಂದೊಂದು ಕಲ್ಲು ತೆಗೆದು ಹಾಕುತ್ತಾ ಹೇಳಿದರು. ಮೊದಲ ಭಾನುವಾರ ಅವನು ಎಲ್ಲರ ಹಿಂದೆ ಕುಳಿತಿದ್ದನಂತೆ. ಇವರು ಏನೋ ಹೇಳಲು ಹೋಗಿ ನಿಲ್ಲಿಸಿ, ಎದ್ದುಬರುವಾಗ ಅವನು ಮುಂದೆ ಬಂದು ಕಾಲಿಗೆ ಬಿದ್ದ.

“ಅಯ್ನೋರೇ, ನೀವೇ ಹೇಳ್ತಿದ್ರಲ್ಲ, ಎಲ್ಲಾ ಅವನಾಟ ಅಂತ. ಅಣ್ಣನ ಆಯಸ್ಸು ಮುಗಿದಿತ್ತು. ನನ್ನ ಕೈ ನೆಪ ಆಯ್ತು, ಅಷ್ಟೇ. ಬೇರೆಯವರಿಗೆ ತಿಳೀದೆ ಇದ್ರೂ ನಿಮಗೆ ತಿಳೀತದೆ” ಎಂದ.

“ಏನೂ ಹೇಳದೆ ಬಂದುಬಿಟ್ಟೆ ತಾಯಿ” ಎಂದರು ಮಾವನವರು. “ಅವನು ಸುಳ್ಳು ಹೇಳಲಿಲ್ಲ. ನಾನು ಹೇಳಿಕೊಟ್ಟದ್ದನ್ನೇ ಒಪ್ಪಿಸಿದ. ನಿಮ್ಮ ಮನೆ ಹೊಸ್ತಿಲಲ್ಲಿ ಕೂತು ಕೇಳಿದ್ದಲ್ಲವಾ.”

ಎರಡನೆಯ ಭಾನುವಾರ, ಅಂದರೆ ಆ ದಿನ ಬೆಳಿಗ್ಗೆ, ಎಲ್ಲ ಕೈದಿಗಳ ಮುಂದೆ ಅವನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದ್ದರು. “ನಾನು ಇಷ್ಟು ದಿನ ಹೇಳಿದ್ದರಲ್ಲಿ ತಪ್ಪಿತ್ತು. ಕೈ ನೆಪ ಅಲ್ಲ. ಕೈ ನಿನ್ನದು. ಮನೆಗೆ ಹೋದವನು ಅಲ್ಲೇ ಕೂತುಬಿಡಬಹುದಿತ್ತು, ಕೂರಲಿಲ್ಲ. ಅದನ್ನು ಶಿವನ ಮೇಲೆ ಹಾಕಬೇಡ, ಅವನು ಅಲ್ಲಿರಲಿಲ್ಲ, ನೀನಿದ್ದೆ.”

“ಅವನು ಅತ್ತನಾ?” ನಾನು ಕೇಳಿದೆ. ತಿಳಿದುಕೊಳ್ಳಬೇಕೆಂಬ ಆಸೆಯೇನೂ ಇರಲಿಲ್ಲ. ಸುಮ್ಮನೆ ಕೇಳಿದೆ.

“ಇಲ್ಲ. ಮುಖ ತಿರುಗಿಸಿ ಕೂತ. ಬೇರೆಯವರಿಗೆ ಸಿಟ್ಟು ಬಂತು. ಒಬ್ಬ ವಯಸ್ಸಾದವನು ಎದ್ದು ಕೇಳಿದ, ‘ಹಂಗಾದ್ರೆ ನಮಗೇನು ಉಳೀತು ಅಯ್ನೋರೇ? ಅದೊಂದು ಮಾತು ಹಿಡ್ಕೊಂಡು ಮಲಗ್ತಿದ್ವಿ’ ಅಂತ.”

“ಏನು ಹೇಳಿದ್ರಿ?”

“ಗೊತ್ತಿಲ್ಲ ಅಂದೆ. ಮುಂದಿನ ವಾರ ಬರ್ತೀನಿ ಅಂದೆ.”

ಮೊರದಲ್ಲಿ ಇನ್ನು ಕಲ್ಲಿರಲಿಲ್ಲ. ಆದರೂ ಇಬ್ಬರೂ ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸುತ್ತಾ ಕುಳಿತಿದ್ದೆವು.

ನಾನು ಕೋರ್ಟಿನಲ್ಲಿ ಕಂಡದ್ದನ್ನು ಹೇಳಿದೆ. ಅವನ ಹೆಂಡತಿಯೂ ಬಂದು ನಿಜವನ್ನೇ ಹೇಳಿದಳು, ಹೇಳಿ ತವರಿಗೆ ಹೋದಳು. ಅವನಿಗೆ ಜೀವಾವಧಿ ಆಯಿತು. ಬೇರೆ ಊರಿನ ಜೈಲಿಗೆ ಕಳಿಸಿದರು. ಅಲ್ಲಿಗೆ ಅವನ ಸುದ್ದಿ ಮುಗಿಯಿತು.

ಮಠದಲ್ಲಿ ಮಾವನವರು ಮತ್ತೆ ಪುರಾಣಕ್ಕೆ ಕುಳಿತರು. ಆದರೆ ರಾಕ್ಷಸರ ಕತೆಗಳನ್ನು ಬಿಟ್ಟರು. ಯಾರಾದರೂ ಕೇಳಿದರೆ, “ಅದರ ಅರ್ಥ ನನಗೆ ಈಗ ಗೊತ್ತಿಲ್ಲ” ಎನ್ನುತ್ತಿದ್ದರು. ಮಠದ ಹಿರಿಯರೊಬ್ಬರು ಮನೆಗೆ ಬಂದು ಬುದ್ಧಿ ಹೇಳಿದರು. ಶಿವನಿಗೆ ತಿಳಿಯದೆ ಒಂದು ಕೊಲೆ ನಡೆಯಿತು ಎಂದರೆ ಅವನನ್ನು ಸಣ್ಣವನನ್ನಾಗಿ ಮಾಡಿದಂತೆ, ಶಾಸ್ತ್ರಕ್ಕೆ ವಿರುದ್ಧ ಎಂದರು. ಮಾವನವರು, “ತಿಳಿದೂ ಸುಮ್ಮನಿದ್ದ ಅಂದ್ರೆ ದೊಡ್ಡವನಾಗ್ತಾನಾ ಬುದ್ಧಿ? ನಾನು ಪೂಜೆ ಬಿಟ್ಟಿಲ್ಲ. ಅವನ ಪರವಾಗಿ ಉತ್ತರ ಹೇಳೋದು ಬಿಟ್ಟಿದ್ದೀನಿ” ಎಂದರು. ನಾವು ಕೊಟ್ಟ ಹಾಲನ್ನು ಕುಡಿಯದೆ ಹಿರಿಯರು ಎದ್ದುಹೋದರು. ಜಗಲಿಯ ಮೇಲೆ ಕೇಳುವವರು ಕಡಿಮೆಯಾದರು. ಕೊನೆಗೆ ಸಂಜೆಯ ಪುರಾಣ ನಿಂತೇಹೋಯಿತು. ಭಾನುವಾರದ ಜೈಲು ನಿಲ್ಲಲಿಲ್ಲ. ಅಲ್ಲಿ ಅವರು ಕತೆ ಹೇಳುವುದು ಕಡಿಮೆಯಾಗಿ, ಕೇಳುವುದು ಹೆಚ್ಚಾಗಿತ್ತಂತೆ. ಯಾರು ಏನು ಮಾಡಿದ್ದರು, ಹೇಗೆ ಮಾಡಿದ್ದರು ಎಂದು ಅವರವರ ಬಾಯಲ್ಲೇ ಕೇಳಿಸಿಕೊಂಡು ಬರುತ್ತಿದ್ದರು. ಬಂದ ದಿನ ಊಟ ಮಾಡುತ್ತಿರಲಿಲ್ಲ.

ನನ್ನನ್ನು ಅವರು ಒಮ್ಮೆಯೂ ಅಳು ಎನ್ನಲಿಲ್ಲ, ಮರೆತುಬಿಡು ಎನ್ನಲಿಲ್ಲ. ಒಂದೇ ಒಂದು ಸಲ, ವರ್ಷಗಳ ನಂತರ, ನಾನೇ ಕೇಳಿದೆ. “ಅವನನ್ನ ಕ್ಷಮಿಸಿದ್ರಾ ಮಾವ?”

“ನಾನು ಯಾರು ಕ್ಷಮಿಸೋಕೆ? ಏಟು ತಿಂದವನು ನಾನಲ್ಲ” ಎಂದರು. ಆಮೇಲೆ, “ಒಂದೊಂದು ದಿನ ಹಲಸಿನ ಹಣ್ಣು ಕಂಡ್ರೆ ಅವನ ನೆನಪಾಗ್ತದೆ. ಒಳ್ಳೆ ಹುಡುಗ ಅಂದುಕೊಂಡಿದ್ದೆ. ಒಳ್ಳೇವನೂ ಆಗಿದ್ದನೇನೋ. ಅದೇ ನನಗೆ ಅರ್ಥ ಆಗೋಲ್ಲ” ಎಂದರು.

ಯುದ್ಧದ ವರ್ಷಗಳಲ್ಲಿ ಅತ್ತೆ ತೀರಿಕೊಂಡರು. ಯುದ್ಧ ಮುಗಿದ ಎರಡನೆಯ ಮಳೆಗಾಲದಲ್ಲಿ ಮಾವನವರು ಹಾಸಿಗೆ ಹಿಡಿದರು. ಕಾಲು ಬಾತುಕೊಂಡಿತ್ತು, ಉಸಿರು ಸಾಲುತ್ತಿರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದರು. ಹಾಗೆ ಕುಳಿತಿದ್ದಾಗಲೇ ಒಂದು ಬೆಳಿಗ್ಗೆ ಹೋದರು. ಗಂಜಿ ತಂದಿಟ್ಟು ಕರೆದೆ. ಕೈ ಮುಟ್ಟಿದೆ. ತಣ್ಣಗಿತ್ತು, ಅದು ನನಗೆ ತಿಳಿಯಿತು.

ಮಣ್ಣಿಗೆ ಒಯ್ಯುವ ಮೊದಲು ಒಬ್ಬ ಮುದುಕ ಬಂದು ಬೇಲಿಯ ಹತ್ತಿರ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. ಹಿಂದೆ ಜೈಲಿನಲ್ಲಿ ಇದ್ದವನಂತೆ, ಬಿಡುಗಡೆಯಾಗಿ ವರ್ಷಗಳಾಗಿತ್ತಂತೆ. ಏನು ಮಾಡಿದ್ದನೋ ನಾನು ಕೇಳಲಿಲ್ಲ. “ನಮಗೇನು ಉಳೀತು ಅಂತ ಅವತ್ತು ಕೇಳಿದ್ದು ನಾನೇ ಕಣಮ್ಮ” ಎಂದ. “ಅಯ್ನೋರು ಅದಕ್ಕೆ ಕಡೇವರೆಗೂ ಉತ್ತರ ಕೊಡಲಿಲ್ಲ. ಬರೋದು ಮಾತ್ರ ಬಿಡಲಿಲ್ಲ.” ಮಣ್ಣಿನ ಹೊತ್ತಿಗೆ ಎಲ್ಲರ ಹಿಂದೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಹೋದನಂತೆ.

ಮಾವನವರ ಅಕ್ಕನೂ ಬಂದಿದ್ದರು, ಕಣ್ಣು ಕಾಣುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಕೈ ತಡವಿ ಹಿಡಿದು, “ಅವತ್ತು ಅಷ್ಟು ಜನರ ಮುಂದೆ ನನಗೆ ಹಾಗನ್ನಬಾರದಿತ್ತು ಅವನು” ಎಂದರು.

“ಅನ್ನಬೇಕಿತ್ತು ದೊಡ್ಡಮ್ಮ” ಎಂದೆ. “ಅನ್ನದೇ ಇದ್ದಿದ್ರೆ ನಾನು ಹೊಳೆಗೆ ಹಾರಿರ್ತಿದ್ದೆ.”

ಆ ಮಾತನ್ನು ನಾನು ಅದುವರೆಗೆ ಯಾರಿಗೂ, ಮಾವನವರಿಗೂ, ಹೇಳಿರಲಿಲ್ಲ. ಅವರು ಕೈ ಬಿಡಲಿಲ್ಲ. ನಾನು ಅವರಿಗೆ ತಟ್ಟೆಯಲ್ಲಿ ಅನ್ನ ಕಲಸಿ ಕೊಟ್ಟು, ಅವರು ಉಣ್ಣುವವರೆಗೆ ಪಕ್ಕದಲ್ಲೇ ಕುಳಿತಿದ್ದೆ.