ಆಚಾರ್ರ ಮೂವತ್ತೇಳು ಬಗೆ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಸೊಸೆ ಅಡುಗೆಮನೆಯಿಂದ ಮೊಬೈಲು ಹಿಡಿದುಕೊಂಡು ಬಂದು, "ಮಾವ, ಚಾಕು ತರಿಸ್ತಾ ಇದೀನಿ, ಯಾವುದು ಚೆನ್ನಾಗಿದೆ ಹೇಳಿ" ಅಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಬೆರಳಿನಲ್ಲಿ ಮೇಲಕ್ಕೆ ತಳ್ಳಿದಷ್ಟೂ ಚಾಕುಗಳು ಬರುತ್ತಲೇ ಇದ್ದವು. ಟೊಮೆಟೊಗೆ ಒಂದು, ಬ್ರೆಡ್ಡಿಗೆ ಒಂದು, ಚೀಸಿಗೆ ಒಂದು. ನಮ್ಮ ಮನೆಗೆ ಚೀಸು ಬಂದದ್ದು ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದೇ ಸಲ, ಅದನ್ನೂ ನಾವು ಬೆಲ್ಲದ ಹಾಗೆ ಕೈಯಲ್ಲೇ ಮುರಿದು ತಿಂದಿದ್ದೆವು. ಅರ್ಧ ಗಂಟೆ ನೋಡಿ, ನಾಳೆ ಹೇಳುತ್ತೇನೆ ಎಂದು ಫೋನು ವಾಪಸು ಕೊಟ್ಟೆ. "ಒಂದು ಚಾಕು ಆರಿಸೋಕೆ ಇಷ್ಟು ಕಷ್ಟಾನಾ ಮಾವ?" ಎಂದು ಅವಳು ನಕ್ಕಳು. ಅವಳಿಗೆ ಗೊತ್ತಿಲ್ಲ, ಒಂದು ಕಾಲದಲ್ಲಿ ನಾನು ಇಡೀ ಸೀಮೆಗೇ ಚಾಕು ಆರಿಸಿಕೊಡಲು ಹೊರಟಿದ್ದ ಮನುಷ್ಯ.

ಆಗ ನಾವು ರಾಮನಗರದ ಈ ಮನೆಗೆ ಇನ್ನೂ ಬಂದಿರಲಿಲ್ಲ. ಕೆಂಗಲ್ ಹತ್ತಿರದ ನಮ್ಮ ಹಳ್ಳಿಯಲ್ಲೇ ಇದ್ದೆವು. ಬಿಡದಿಯಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ವರ್ಷಗಳು ಅವು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಬಂದು, ನೀಲಿ ಅಂಗಿ ಹಾಕಿಕೊಂಡ ನಮ್ಮಂಥವರನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ನಾನು ಓದಿದ್ದು ಡಿಪ್ಲೊಮಾ. ಊರಿನವರು ಇಂಜಿನಿಯರು ಎನ್ನುತ್ತಿದ್ದರು, ನಾನು ತಿದ್ದಲು ಹೋಗುತ್ತಿರಲಿಲ್ಲ. ನಮ್ಮ ಕಂಪನಿ ಕಾರಿನ ಬಾಗಿಲೊಳಗೆ ಕೂರುವ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಮಾಡುತ್ತಿತ್ತು. ಒಂದೇ ಕ್ಲಿಪ್ಪು. ಎಂಟು ವರ್ಷ ನಾನು ಆ ಕ್ಲಿಪ್ಪನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಸರಿ ಇದೆ ಎಂದು ಸಹಿ ಹಾಕಿದ್ದೇನೆ. ಹೆಂಡತಿಯ ಮುಖವನ್ನೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಒಂದು ಸಲ ನಮಗೆಲ್ಲ ಮೂರು ದಿನದ ತರಬೇತಿ ಕೊಟ್ಟರು. ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ಚಿತ್ರ ಬಿಟ್ಟು, ಮಾಡುವ ಮಾಲಿನ ಬಗೆ ಕಡಿಮೆಯಾದಷ್ಟೂ ಲಾಭ ಹೆಚ್ಚು, ಶ್ರಮ ಕಡಿಮೆ ಎಂದು ಹೇಳಿದ. ಒಂದೇ ಬಗೆ ಮಾಡುತ್ತಿದ್ದ ನಮಗೆ ಇನ್ನೇನು ಕಡಿಮೆ ಮಾಡಬೇಕೋ ತಿಳಿಯಲಿಲ್ಲ, ಆದರೂ ಎಲ್ಲರೂ ತಲೆ ಆಡಿಸಿದೆವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನನಗೆ ಬಂದದ್ದು ಜ್ಞಾನ. ಯಾರ ಮೇಲಾದರೂ ಪ್ರಯೋಗ ಮಾಡದೆ ನಿದ್ದೆ ಬರುವ ಹಾಗಿರಲಿಲ್ಲ.

ಸಿಕ್ಕಿದವರು ಚೆನ್ನಾಚಾರ್ರು. ನಮ್ಮ ಊರಿನ ಕಮ್ಮಾರರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಅವರ ಕುಲುಮೆ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಬಡಿದು ಮಚ್ಚು, ಕುಡುಗೋಲು, ಚೂರಿ ಮಾಡುತ್ತಿದ್ದರು. ಮಾಗಡಿ ಕಡೆಯಿಂದ, ಕನಕಪುರದ ದೊಡ್ಡಆಲಹಳ್ಳಿಯಿಂದ ಕೂಡ ಜನ ಹುಡುಕಿಕೊಂಡು ಬರುತ್ತಿದ್ದರು. ಯಾರು ಏನು ಕೇಳಿದರೂ ಆಚಾರ್ರ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: "ಆಯ್ತದೆ ಬುಡಿ." ಹಾಗೆ ಆಗಿ ಆಗಿ ಅವರ ಬಲಗಡೆಯ ರಟ್ಟೆ ಮೇಲೇಳದ ಹಾಗಾಗಿತ್ತು. ರಾಮನಗರದ ಡಾಕ್ಟರು ಸುತ್ತಿಗೆ ಹಿಡಿಯುವುದನ್ನು ಕಡಿಮೆ ಮಾಡದಿದ್ದರೆ ತೋಳೇ ಬಿದ್ದುಹೋಗುತ್ತದೆ ಎಂದು ಹೆದರಿಸಿ ಕಳಿಸಿದ್ದರು.

ಅವರ ಹೆಂಡತಿ ರತ್ನಮ್ಮನವರೇ ಒಂದು ಭಾನುವಾರ ನನ್ನನ್ನು ಕರೆದರು. "ನೀನಾದ್ರೂ ಒಸಿ ಯೋಳಪ್ಪ. ಊಟ ಮಾಡೋವಾಗ ಎಡಗೈನಾಗೆ ಬಲಗೈನ ಎತ್ತಿ ತಟ್ಟೆ ಮ್ಯಾಲೆ ಇಕ್ಕತಾರೆ. ಆದ್ರೂ ಯಾರ್ ಬಂದ್ರೂ ಊ ಅನ್ನೋದ್ ಬುಡಾಕಿಲ್ಲ."

"ನೀವು ಯೋಚನೆ ಬಿಡಿ ಅಕ್ಕ, ನಾನು ನೋಡ್ಕೋತೀನಿ" ಅಂದೆ. ಮನೆಗೆ ಹೋಗಿ ಪ್ಯಾಡು, ಸ್ಕೇಲು, ಕೆಂಪು ಪೆನ್ನು ತಂದೆ.

ಅವತ್ತು ನಾನು ಕುಲುಮೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆಚಾರ್ರು ಮಾಡುವ ಬಗೆಗಳನ್ನೆಲ್ಲ ಬರೆದುಕೊಂಡೆ. ಮೂವತ್ತೇಳು! ಎಳನೀರಿನವರಿಗೆ ಮೂತಿ ಬಗ್ಗಿದ ಮಚ್ಚು, ಹಿಪ್ಪುನೇರಳೆ ಸವರುವವರಿಗೆ ಗಿಡ್ಡ ಕುಡುಗೋಲು, ಚನ್ನಪಟ್ಟಣದ ಬೊಂಬೆಯವರಿಗೆ ಮರದ ಸಿಪ್ಪೆ ತೆಗೆಯುವ ಚೂರಿ, ಇವೆಲ್ಲ ಹೋಗಲಿ ಎನ್ನಿ. ಒಬ್ಬ ಗೌಡರ ಮನೆಯಲ್ಲಿ ಅತ್ತೆಗೂ ಸೊಸೆಗೂ ಒಂದೊಂದು ಸೊಪ್ಪಿನ ಚೂರಿ ಬೇಕಿತ್ತು, ಅತ್ತೆಯದು ಮಾತ್ರ ಒಂದು ಬೆರಳು ಉದ್ದ ಇರಬೇಕು. ಇನ್ನೊಬ್ಬ ಹಿರಿಯರಂತೂ ಪ್ರತಿ ವರ್ಷ ಎರಡು ಮಚ್ಚು ಮಾಡಿಸುತ್ತಿದ್ದರು. ಒಂದು ತಮಗೆ, ಇನ್ನೊಂದು ಪಕ್ಕದ ತೋಟದವನು ಎರವಲು ಕೇಳಿದಾಗ ಕೊಡಲು. ಎರಡನೆಯದರ ಬಾಯಿ ಬೇಕೆಂದೇ ಮೊಂಡಾಗಿರಬೇಕು, ಆದರೆ ನೋಡಿದರೆ ಗೊತ್ತಾಗಬಾರದು. ಆಚಾರ್ರು ಆ ಮೊಂಡು ಮಚ್ಚಿಗೂ ಒಂದೂವರೆ ದಿನ ಹಾಕುತ್ತಿದ್ದರು. ಕೆಟ್ಟದ್ದನ್ನು ಅಷ್ಟು ಒಳ್ಳೆಯದಾಗಿ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದೊಂದರ ಎದುರಿಗೂ ವರ್ಷಕ್ಕೆ ಎಷ್ಟು ಹೋಗುತ್ತದೆ ಎಂದು ಬರೆದೆ. ಒಂದು, ಎರಡು ಹೋಗುವುದಕ್ಕೆಲ್ಲ ಕೆಂಪು ಗೀಟು. ಗೀಟು ಎಳೆಯುವುದರಲ್ಲಿ ಒಂದು ಸುಖವಿದೆ ನೋಡಿ, ಎಳೆದವರಿಗೇ ಗೊತ್ತು. 'ಸಾಕಮ್ಮನ ಚೂರಿ' ಎಂದು ಒಂದಿತ್ತು. ಎರಡು ವರ್ಷಕ್ಕೊಂದು, ಅದೂ ಒಬ್ಬಳಿಗೇ. ಯಾರು, ಏನು ಎಂದು ಕೇಳದೆ ಅದರ ಮೇಲೆ ಎರಡು ಗೀಟು ಎಳೆದೆ. ಹೆಚ್ಚು ಹೋಗುವವಕ್ಕೂ ಗೀಟು ಬೀಳುತ್ತಾ ಹೋಗಿ, ಕಡೆಗೆ ಉಳಿದದ್ದು ಎಲ್ಲರಿಗೂ ಆಗುವಂಥ ಮೂರು: ದೊಡ್ಡದು, ನಡುವಿನದು, ಚಿಕ್ಕದು.

ಆಚಾರ್ರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ರಟ್ಟೆ ವಾಸಿ ಆಯ್ತದಾ?" ಅಂದರು.

"ಗ್ಯಾರಂಟಿ."

"ಆಯ್ತದೆ ಬುಡಪ್ಪ" ಅಂದರು. ನಾನೇ ಪೇಂಟರನ್ನು ಹಿಡಿದು 'ಮೂರೇ ನಮೂನೆ. ಬೇರೆ ಕೇಳಬೇಡಿ' ಎಂದು ಬೋರ್ಡು ಬರೆಸಿ ಕುಲುಮೆಯ ಮೇಲೆ ತೂಗುಹಾಕಿದೆ.

ಆಚಾರ್ರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಬಂದವರಿಗೆಲ್ಲ ಬೋರ್ಡು ತೋರಿಸಿದರು. ಜನ ಆ ಮೂರನ್ನು ಎತ್ತಿ ನೋಡಿ ಇಟ್ಟು ಹೋಗುತ್ತಿದ್ದರು. ಏಕೆಂದರೆ ದೊಡ್ಡದು, ನಡುವಿನದು, ಚಿಕ್ಕದು ಮೂರೂ ಅಷ್ಟರಲ್ಲಾಗಲೇ ರಾಮನಗರದ ಅಂಗಡಿಗಳಿಗೆ ಮಿಷನ್ನಿನಲ್ಲಿ ಮಾಡಿದವು, ಹೊಳೆಯುವವು, ಅಗ್ಗದವು ಬಂದು ಕೂತಿದ್ದವು. ಎರಡು ತಿಂಗಳಲ್ಲಿ ಕುಲುಮೆಯ ಮೂಲೆಯಲ್ಲಿ ನನ್ನ ಮೂರು ನಮೂನೆಗಳ ಗುಡ್ಡೆ ಬಿತ್ತು. ಆಚಾರ್ರ ರಟ್ಟೆ ಮಾತ್ರ ನಿಜಕ್ಕೂ ವಾಸಿಯಾಗತೊಡಗಿತು. ನಾನು ಅದನ್ನೇ ಕಂಪನಿಯಲ್ಲಿ ಪರದೆಯ ಮೇಲೆ ತೋರಿಸಿದೆ: ಬಗೆ ಮೂವತ್ತೇಳರಿಂದ ಮೂರಕ್ಕೆ, ನೋವು ಮುಕ್ಕಾಲು ಮಾಯ. ಚಪ್ಪಾಳೆ ಹೊಡೆದು ಒಂದು ಫ್ಲಾಸ್ಕು ಕೊಟ್ಟರು. ಎಷ್ಟು ಮಾರಾಟವಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫ್ಲಾಸ್ಕು ಬಂದ ವಾರದಲ್ಲೇ ಆಚಾರ್ರು ನಮ್ಮ ಮನೆಗೆ ಬಂದರು. ಒಗೆದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ಜಗಲಿಯ ತುದಿಯಲ್ಲಿ ಕೂತರು.

"ನಿಮ್ ಕಂಪನೀಲಿ ಗೇಟ್ ಕಾಯೋ ಕೆಲ್ಸ ಐತಂತೆ. ಒಂದ್ ಮಾತ್ ಯೋಳ್ತೀಯಾ? ಕುಲುಮೆ ಹಚ್ಚಿ ಇಪ್ಪತ್ ದಿನ ಆಯ್ತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ಕೇಳಿದ್ದೆ, ಮಾಡಿದವನ ಮುಖ ಹೇಗಿತ್ತೆಂದು ಅವತ್ತು ತಿಳಿಯಿತು. ರತ್ನಮ್ಮನವರು ಕೇಳಿದ್ದು ಗಂಡನ ತೋಳಿಗೆ ವಿಶ್ರಾಂತಿ. ನಾನು ಕುಲುಮೆಯನ್ನೇ ಮಲಗಿಸಿದ್ದೆ. ನಲವತ್ತು ವರ್ಷ ಬೆಂಕಿಯ ಮುಂದೆ ರಾಜನ ಹಾಗೆ ಕೂತ ಮನುಷ್ಯ, ನನ್ನಂಥವರ ಬಸ್ಸು ಬಂದಾಗ ಎದ್ದು ನಿಂತು ಸಲಾಮು ಹೊಡೆಯುವ ಕೆಲಸ ಕೇಳಲು ಬಂದಿದ್ದರು. ನೋಡೋಣ ಆಚಾರ್ರೇ ಎಂದು ಏನೋ ಗೊಣಗಿದೆ.

ಮರುದಿನ ಸಂಜೆ ನಮ್ಮ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು. "ಬೋರ್ಡು ಬರ್ಸಿರೋ ಇಂಜಿನೇರ್ರು ನೀವೇಯಾ? ಆಚಾರ್ರು ನಿಮ್ಮನ್ನೇ ಕೇಳು ಅಂದ್ರು." ಸಾಕಮ್ಮ. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಕಳೆದುಕೊಂಡವಳು. ರೇಷ್ಮೆ ಸಾಕಿ ಬದುಕುತ್ತಿದ್ದಳು. ಮರಿ ಹುಳುಗಳಿಗೆ ಸೊಪ್ಪನ್ನು ದಿನಕ್ಕೆ ಹಲವು ಸಲ ಸಣ್ಣಗೆ ಹೆಚ್ಚಿ ಹಾಕಬೇಕು. ಪೊರೆ ಕಳಚುವ ಮುಂಚೆ ಅವು ಮೇವು ಬಿಟ್ಟು ಮಲಗುತ್ತವೆ, ಅದಕ್ಕೆ ಜ್ವರ ಎನ್ನುತ್ತಾರೆ. ಗಂಟು ಬಿಚ್ಚಿ ಹಳೆಯ ಚೂರಿ ತೋರಿಸಿದಳು. ಮಸೆದು ಮಸೆದು ಅಲಗು ಬಾಳೆನಾರಿನಷ್ಟು ಸಣ್ಣಗಾಗಿತ್ತು. ಹಿಡಿಯ ಒಂದು ಮಗ್ಗುಲಲ್ಲಿ ಆಚಾರ್ರು ಮರದ ಉಬ್ಬು ಬಿಟ್ಟಿದ್ದರು, ಅವಳ ಇಲ್ಲದ ಬೆರಳುಗಳ ಜಾಗ ತುಂಬುವ ಹಾಗೆ.

ನಾನೇನು ಮಾಡಿದೆ ಗೊತ್ತೇ? ಒಳಗೆ ಹೋಗಿ ನನ್ನ ಯೋಜನೆಯ 'ನಡುವಿನದು' ತಂದುಕೊಟ್ಟೆ. ಅವಳು ಹಿಡಿದಳು, ಜಾರಿತು. ಮತ್ತೆ ಹಿಡಿದಳು. ಮೂರನೆಯ ಸಲ ಅದು ಅವಳ ಪಾದದ ಪಕ್ಕಕ್ಕೇ ಬಿತ್ತು.

"ಉಳಾ ಎರಡ್ನೇ ಜ್ವರದಲ್ಲವೆ ಸ್ವಾಮಿ, ನಾಳೀಕ್ ಎದ್ದೇಳ್ತವೆ. ಎದ್ದೇಟ್ಗೆ ಸೊಪ್ಪು ಕೇಳ್ತವೆ, ಬೋರ್ಡ್ ಓದಾಕಿಲ್ಲ" ಅಂದಳು. ಸಿಟ್ಟಿನಿಂದಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ.

ಅವಳನ್ನು ಕರೆದುಕೊಂಡು ಕುಲುಮೆಗೆ ಹೋದೆ. ನಾಲ್ಕು ಮನೆಯ ದೂರ ಅವತ್ತು ಬಹಳ ಉದ್ದವಾಗಿತ್ತು. ತಪ್ಪಾಯಿತು ಆಚಾರ್ರೇ, ಬೋರ್ಡು ಇಳಿಸಿಬಿಡೋಣ, ಮೊದಲಿನ ಹಾಗೆ ಮೂವತ್ತೇಳೂ ಮಾಡಿ ಅಂದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಮೂವತ್ತೇಳ್ ಮಾಡಾಕೆ ತೋಳೆಲ್ಲೈತಪ್ಪ? ಆ ಪಟ್ಟಿ ತತ್ತಾ."

ಕೊಟ್ಟೆ. ಒಲೆಯ ಪಕ್ಕದಿಂದ ಒಂದು ಇದ್ದಿಲು ಎತ್ತಿಕೊಂಡು, ನಾನು ಉಳಿಸಿದ್ದ ಮೂರನ್ನು ಮೊದಲು ಹೊಡೆದುಹಾಕಿದರು. "ಇವು ಅಂಗಡೀಲಿ ಸಿಕ್ತವೆ. ನಾನ್ಯಾಕ್ ಮಾಡ್ಲಿ?" ಆಮೇಲೆ ನನ್ನ ಕೆಂಪು ಗೀಟುಗಳ ಕೆಳಗೆ ಸತ್ತು ಬಿದ್ದಿದ್ದವುಗಳನ್ನು ಒಂದೊಂದಾಗಿ ಓದಿಸಿದರು. ಮೊಂಡು ಮಚ್ಚು ಬಂದಾಗ, "ತಗಿ. ಮೊಂಡು ಮಚ್ಚೂ ಈಗ ಅಂಗಡೀಲೇ ಬೇಕಾದಂಗ್ ಸಿಕ್ತವೆ." ಅತ್ತೆಯ ಒಂದು ಬೆರಳು ಉದ್ದದ್ದು ಬಂದಾಗ, "ಅದ್ಕೆ ನಮ್ ತಾವ ಮದ್ದಿಲ್ಲ." ಕೊನೆಗೆ ಎಂಟು ಉಳಿದವು. ಬೇರೆ ಯಾರೂ ಮಾಡಿಕೊಡದವು, ಇಲ್ಲದಿದ್ದರೆ ಯಾರದಾದರೂ ಕೆಲಸ ನಿಂತುಹೋಗುವಂಥವು. ಸಾಕಮ್ಮನದು ಮೊದಲನೆಯದು.

"ಕಮ್ಮಿ ಮಾಡು ಅಂದಿದ್ದು ನಿಜ ಕಣಪ್ಪ, ದಿಟವಾದ್ ಮಾತು. ಗೀಟ್ ಒಡ್ದಿದ್ ಕಡೆ ತಪ್ಪೋಯ್ತು ಅಷ್ಟೇ" ಅಂದರು. ಆಮೇಲೆ ರತ್ನಮ್ಮನವರನ್ನು ಕೂಗಿ ತಿದಿ ಒತ್ತಲು ಹೇಳಿದರು. ಮಾರನೆಯ ಬೆಳಿಗ್ಗೆ ಹುಳುಗಳು ಏಳುವ ಹೊತ್ತಿಗೆ ಸಾಕಮ್ಮನ ಚೂರಿ ಅವಳ ಕೈಯಲ್ಲಿತ್ತು. ಗೇಟಿನ ಕೆಲಸದ ಮಾತು ಮತ್ತೆ ಬರಲಿಲ್ಲ. ನನಗೆ ಕೊಟ್ಟಿದ್ದ ಫ್ಲಾಸ್ಕನ್ನು ವಾಪಸು ಕೇಳುವವರೂ ಇರಲಿಲ್ಲ.

ಆಮೇಲೆ ಆ ಕಾರಿನ ಮಾದರಿ ನಿಂತಿತು. ಕ್ಲಿಪ್ಪು ಬೇಡವಾಯಿತು. ಬಗೆ ಕಡಿಮೆ ಮಾಡುವ ಕೆಂಪು ಪೆನ್ನು ನನ್ನ ಹೆಸರಿನ ಮೇಲೂ ಹಾದುಹೋಗಿ, ನಾನು ಅವಧಿಗೆ ಮುಂಚೆ ಮನೆಗೆ ಬಂದೆ. ಎಳೆದವನಿಗೆ ಆ ಸುಖ ಸಿಕ್ಕಿರಬೇಕು.

ಮೊಬೈಲಿನ ಚಾಕುಗಳನ್ನು ನೋಡಿದ ಮಾರನೆಯ ದಿನ, ಸೊಸೆಗೆ ನಿಜವಾದ ಚಾಕು ಎಂದರೇನು ತೋರಿಸಿಬಿಡೋಣ ಎಂದು ಊರಿನ ಬಸ್ಸು ಹತ್ತಿದೆ. ಆಚಾರ್ರಿಗೆ ಈಗ ಎಪ್ಪತ್ತು ದಾಟಿದೆ. ಬೆಳಗಿನ ಹೊತ್ತು ಮಾತ್ರ ಕುಲುಮೆ ಹಚ್ಚುತ್ತಾರೆ. ಎಂಟು ಈಗ ಐದಾಗಿದೆ. ಆದರೂ ಬಲಗೈ ಎತ್ತಿ ನಮಸ್ಕಾರ ಮಾಡಿದರು.

ನನಗೂ ಒಂದು ಮಾಡಿಕೊಡಿ ಎಂದೆ.

"ಏನ್ ಕುಯ್ತೀಯ?"

ಇಷ್ಟು ವರ್ಷದಲ್ಲಿ ನಾನು ಕುಯ್ದದ್ದು ಎಂದರೆ ಹುಟ್ಟುಹಬ್ಬದ ಕೇಕು. "ಎಲ್ಲಾನೂ" ಅಂದೆ.

ಅವರು ನನ್ನ ಬಲಗೈ ಹಿಡಿದು ಮಗುಚಿ, ಹೆಬ್ಬೆರಳಿನ ಬುಡ ಒತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ಬಹಳ ಹೊತ್ತು ನೋಡಿದರು. ಎಲ್ಲಾದರೂ ಒಂದು ಗಂಟು, ಒಂದು ಸೊಟ್ಟ ಸಿಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಏನೂ ಸಿಗಲಿಲ್ಲ.

"ಒಳ್ಳೇ ಕೈ ಕಣಪ್ಪ" ಅಂದರು, ಕೈ ಬಿಡುತ್ತಾ. "ಯಾವ್ದ್ ಕೊಟ್ರೂ ಕೂತ್ಕತದೆ. ನಂಗಿರೋ ತೋಳು ಇಷ್ಟೇಯಾ. ನೀನ್ ಅಂಗಡೀಲೇ ತಗೋ."

ಮನೆಗೆ ಬಂದು ಸೊಸೆಗೆ, ನಡುವಿನದು ಯಾವುದಾದರೂ ತರಿಸಮ್ಮ ಎಂದೆ. ಮೂರನೆಯ ದಿನ ಡಬ್ಬ ಬಂತು. ಅವಳು ಹುರುಳಿಕಾಯಿ ಮುಂದಿಟ್ಟು, "ನೀವೇ ಮೊದಲು ಹೆಚ್ಚಿ ನೋಡಿ ಮಾವ" ಅಂದಳು. ಹಿಡಿದೆ. ಎಲ್ಲೂ ಒತ್ತಲಿಲ್ಲ, ಜಾರಲಿಲ್ಲ. ಯಾವುದೋ ಊರಿನ ಯಾವುದೋ ಮಿಷನ್ನು, ನನ್ನನ್ನು ಒಂದು ಸಲವೂ ನೋಡದೆ, ನನ್ನ ಕೈಗೇ ಅಳೆದು ಮಾಡಿದ ಹಾಗಿತ್ತು.

"ಸರಿ ಹೋಯ್ತಾ?" ಅಂದಳು.

"ಸರಿಯಾಗಿ ಕೂತಿದೆ ಕಣಮ್ಮ" ಎಂದು ತಲೆ ತಗ್ಗಿಸಿ ಹೆಚ್ಚತೊಡಗಿದೆ. ಅಷ್ಟು ನಾಚಿಕೆಯಿಂದ ನಾನು ಯಾವ ಮಾಲಿಗೂ ಸರಿ ಇದೆ ಎಂದು ಹೇಳಿರಲಿಲ್ಲ.