ಕಿವಿಯಣ್ಣನ ಪೆಟ್ಟಿಗೆಗಳು

ನಮ್ಮ ಭಾವನಿಗೆ ಕಿವಿಯಣ್ಣ ಎಂದು ಹೆಸರು. ಮನೆಮನೆ ಸುತ್ತಿ ನೀರಿನ ಮೀಟರು ಓದಿ ನಿವೃತ್ತರಾದ ಮನುಷ್ಯ. ಹೆಸರು ಬಂದದ್ದು ಮೀಟರಿನಿಂದಲ್ಲ, ಎರಡು ಪೆಟ್ಟಿಗೆಗಳಿಂದ. ಯಾರದೋ ಮನೆಯ ಮೆಟ್ಟಿಲ ಕೆಳಗೆ ಹೂಕುಂಡ ಹೊತ್ತು ಕೂತಿದ್ದ, ಸೊಂಟದೆತ್ತರದ ಹಳೆಯ ಸ್ಪೀಕರುಗಳು ಅವು. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಬಾಗಿಲು ಹಾಕಿದ್ದರಿಂದಲೇ ಅದರ ಮರ್ಯಾದೆ ಹೆಚ್ಚಿತೆಂದು ನನ್ನ ಅಂದಾಜು. ಪೆಟ್ಟಿಗೆಗಳು ನಡುಮನೆಗೆ ಬಂದ ದಿನ ಅಕ್ಕನ ಹೊಲಿಗೆ ಯಂತ್ರ ಹಿತ್ತಲಿಗೆ ಹೋಯಿತು, ಮತ್ತೆ ಒಳಗೆ ಬರಲಿಲ್ಲ.

ಭಾನುವಾರ ಈ ಪೆಟ್ಟಿಗೆಗಳ ದರ್ಶನಕ್ಕೆ ಭಕ್ತರು ಬರುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬ ಬಟ್ಟೆ ಅಂಗಡಿಯವನು. ಕಣ್ಣು ಮುಚ್ಚಿ, "ಶಬ್ದ ಎಷ್ಟು ಬೆಚ್ಚಗಿದೆ ಅಲ್ವಾ," ಎನ್ನುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರ ಹಾಗೆ. ಆಮೇಲೆ ಇಬ್ಬರೂ ಭಾವನ ಮುಖ ನೋಡುತ್ತಾರೆ. ಭಾವ ತಲೆಯಾಡಿಸಿದರೆ ಅದು ಬೆಚ್ಚಗಿತ್ತು, ಮೂಗು ಮುರಿದರೆ ಇರಲಿಲ್ಲ. ಬಟ್ಟೆ ಅಂಗಡಿಯವನು ಆಸೆಪಟ್ಟು ಕೊಂಡ ಹೊಸ ಸ್ಪೀಕರಿಗೆ ಭಾವ ಒಮ್ಮೆ "ತಗಡು" ಎಂದರು. ಪಾಪ, ಅವನು ಅದನ್ನು ಮಾರನೆಯ ವಾರವೇ ಅಳಿಯನ ತಲೆಗೆ ಕಟ್ಟಿದ.

ಭಾವನ ಕುರ್ಚಿಗೆ ನೆಲದ ಮೇಲೆ ಬಣ್ಣದ ಗುರುತಿದೆ. ಅಲ್ಲಿಂದ ಒಂದಿಂಚು ಸರಿದರೂ ಸಂಗೀತ ಕೆಡುತ್ತದಂತೆ. ಅವರು ಏಳುವಂತಿಲ್ಲವಾದ್ದರಿಂದ ರೆಕಾರ್ಡು ಹಾಕುವ ಚಾಕರಿ ನನ್ನದು. ಸಭೆ ಸಮಾರಂಭಗಳಿಗೆ ಮೈಕು ಬಾಡಿಗೆಗೆ ಕೊಟ್ಟು ಬದುಕುವವನು ನಾನು. "ನಿಂದು ಗದ್ದಲದ ವ್ಯಾಪಾರ ಕಣಯ್ಯಾ. ಶಬ್ದ ಅಂದ್ರೇನು ಅಂತ ಇಲ್ಲಿ ಕೂತು ಕಲಿ," ಎನ್ನುತ್ತಾರೆ ಭಾವ. ನಾನೂ ಹಲ್ಲು ಕಚ್ಚಿಕೊಂಡು ಕಲಿತೆ.

ಕಲಿತದ್ದು ಇಷ್ಟೇ: ಕಿವಿಯಣ್ಣನಿಗೆ ಕಿವಿ ಕೇಳಿಸುತ್ತಿಲ್ಲ. "ಇನ್ನೂ ಸ್ವಲ್ಪ ಏರಿಸು," ಎನ್ನುತ್ತಾ ಎನ್ನುತ್ತಾ ಕಿಟಕಿ ಗಾಜು ನಡುಗುವಲ್ಲಿಗೆ ಬಂದಿದ್ದರು. ಅಕ್ಕ ಊಟಕ್ಕೆ ಕರೆದೂ ಕರೆದೂ ಸಾಕಾಗಿ ಕೊನೆಗೆ ಭುಜ ಹಿಡಿದು ಅಲ್ಲಾಡಿಸಬೇಕು. ಕಿವಿ ತೋರಿಸೋಣ ಎಂದರೆ ಮೈಮೇಲೆ ಬೀಳುತ್ತಿದ್ದರು.

"ಈ ಕಿವೀನಾ? ಜನ ಎಲ್ಲೆಲ್ಲಿಂದಲೋ ಬರೋದು ಈ ಕಿವಿಗೋಸ್ಕರ. ನಾನು ಮಿಷನ್ ಸಿಕ್ಕಿಸ್ಕೊಂಡು ಕೂತ್ರೆ ಅವರ ಮುಂದೆ ಮುಖ ಎಲ್ಲಿಟ್ಕೊಳ್ಲಿ?"

ಹೋದ ತಿಂಗಳು ಅಕ್ಕ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಬಲಗೈ ಮುರಿದಿತ್ತು, ಚಿಲಕ ಎಟುಕಲಿಲ್ಲ. ಬಾಯಿ ಬಾಯಿ ಬಡಿದುಕೊಂಡರೂ ಗೋಡೆಯಾಚೆ ಕೂತ ಗಂಡ ಬರಲಿಲ್ಲ. ಬಂದವಳು ಪಕ್ಕದ ಮನೆಯಾಕೆ, ಗವಾಕ್ಷಿಯಿಂದ ಕೂಗು ಕೇಳಿ. "ಹಾಡು ಜೋರಾಗಿತ್ತು," ಎಂದರು ಭಾವ. ಹಾಡು ಎಂದೋ ಮುಗಿದು ರೆಕಾರ್ಡಿನ ಕೊನೆಯಲ್ಲಿ ಮುಳ್ಳು ಕರಕರ ಕೆರೆಯುತ್ತಿತ್ತು ಎಂದು ಪಕ್ಕದ ಮನೆಯಾಕೆ ನನಗೆ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಜಗಳ ಆಡಲಿಲ್ಲ. "ಮುಂದಿನ ಸಲ ಬಿದ್ರೆ ನಾನು ಅಲ್ಲೇ ಸಾಯ್ತೀನಿ ಕಣೋ," ಎಂದಳು. ಆಮೇಲೆ, "ಭಾನುವಾರ ನಿನ್ನ ಮೈಕು ಒಂದು ತಗೊಂಡು ಬಾ," ಎಂದಳು.

ಭಾನುವಾರ ಭಾವ ಸ್ನಾನಕ್ಕೆ ಹೋದಾಗ ಆಂಪ್ಲಿಫೈಯರಿನ ಹಿಂದೆ ಮೈಕಿನ ವೈರು ಸಿಕ್ಕಿಸಿ, ಅಡುಗೆಮನೆಯವರೆಗೆ ಎಳೆದೆ. ಭಕ್ತರು ಬಂದರು, ಟೀ ಕುಡಿದರು. "ಇವತ್ತು ಒಂದು ಅಪರೂಪದ ಧ್ವನಿ ಇದೆ," ಎಂದು ಕೂಗಿ ಹೇಳಿ ನಾನು ಗುಂಡಿ ತಿರುಗಿಸಿದೆ.

"ರೀ," ಎಂದಿತು ಪೆಟ್ಟಿಗೆ. "ರೀ, ಬಿದ್ದುಬಿಟ್ಟೆ ಕಣ್ರೀ. ಏಳೋಕಾಗ್ತಿಲ್ಲ. ಕೈ ತುಂಬಾ ನೋಯ್ತಿದೆ. ಯಾರಾದ್ರೂ ಬನ್ನಿ."

ಬಚ್ಚಲಲ್ಲಿ ಕೂಗಿದ್ದನ್ನೇ ಅವಳು ಹೇಳುತ್ತಿದ್ದಳು. ಡಾಕ್ಟರು ಥಟ್ಟನೆ ಕಣ್ಣು ಬಿಟ್ಟು ಅಡುಗೆಮನೆಯ ಕಡೆ ನೋಡಿದರು. ಭಾವ ಕಣ್ಣು ಮುಚ್ಚಿಯೇ ಇದ್ದರು.

"ಆಹಾ," ಎಂದರು. "ಕೇಳಿ, ಹೇಗಿದೆ ಕೇಳಿ. ಹೆಂಗಸು ಇದೇ ಮನೆಯಲ್ಲಿ ಇದ್ದ ಹಾಗಿದೆ. ಬೇರೆ ಯಾವ ಸ್ಪೀಕರಿಗೂ ಇದು ಸಾಧ್ಯ ಇಲ್ಲ. ಯಾವ ನಾಟಕದ್ದಯ್ಯಾ ಇದು? ನಟನೆ ಸ್ವಲ್ಪ ಜಾಸ್ತಿ ಆಯ್ತು."

ಬಟ್ಟೆ ಅಂಗಡಿಯವನು ಅಭ್ಯಾಸಬಲದಿಂದ ಹೂಂಗುಟ್ಟಿ, ಡಾಕ್ಟರ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅಕ್ಕ ಹೊರಗೆ ಬಂದಳು. ಬಲಗೈ ಪಟ್ಟಿಯಲ್ಲಿ, ಎಡಗೈಯಲ್ಲಿ ಮೈಕು, ಹಿಂದೆ ವೈರು. ಕುರ್ಚಿಯ ಹಿಂದೆ ನಿಂತು, ಮೈಕು ಇಳಿಸಿ, "ರೀ," ಎಂದಳು. ಭಾವ ಅಲುಗಲಿಲ್ಲ. ಮೈಕು ಎತ್ತಿ ಮತ್ತೊಮ್ಮೆ, "ರೀ, ನಾನು ಕಣ್ರೀ," ಎಂದಳು. ಪೆಟ್ಟಿಗೆಗಳು ಒಮ್ಮೆ ಕಿರುಚಿ ಸುಮ್ಮನಾದವು. ಭಾವ ಗಾಬರಿಯಿಂದ ಕಣ್ಣು ಬಿಟ್ಟು ಪೆಟ್ಟಿಗೆಗಳ ಕಡೆ ನೋಡಿದರು, ಒಂದನ್ನು, ಆಮೇಲೆ ಇನ್ನೊಂದನ್ನು.

ಡಾಕ್ಟರೇ ಎದ್ದು ಭಾವನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದರು. ಕುರ್ಚಿ ಬಣ್ಣದ ಗುರುತು ಬಿಟ್ಟು ಸರಿಯಿತು. ಭಾವ ಅಕ್ಕನ ಮುಖ ನೋಡಿದರು, ಪಟ್ಟಿ ಕಟ್ಟಿದ ಕೈ ನೋಡಿದರು, ಮೈಕು ನೋಡಿದರು. ನಾನು ಇಷ್ಟು ದಿನ ಕಾದಿದ್ದ ಗಳಿಗೆ ಅದು, ಆದರೆ ನಗು ಬರಲಿಲ್ಲ.

"ಅವತ್ತು ಹೀಗೇ ಕೂಗಿದ್ಯಾ?" ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು.

"ಕಿವಿ ತೋರಿಸೋಕೆ ಯಾವಾಗ ಹೋಗೋಣ?"

"ನಾಳೆ," ಎಂದಳು ಅಕ್ಕ.

ಭಾವ ಅವಳ ತುಟಿಯನ್ನೇ ನೋಡುತ್ತಾ, "ಆಂ?" ಎಂದರು. ಅಕ್ಕ ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದಳು.